ಅತ್ತೆಗೆ ಅನ್ನ ಸೇರಿದ ಮೇಲೆ

ಯಲ್ಲಾಪುರ
ಭಾನುವಾರ, 8 ಫೆಬ್ರವರಿ 2004

ಪ್ರೀತಿಯ ಅತ್ತೆಗೆ,

ನಿಮ್ಮ ಕಾಲು ಮುಟ್ಟಿ ಈ ಕಾಗದ ಶುರು ಮಾಡುತ್ತಿದ್ದೇನೆ. ಹಿರಿಸೊಸೆ ಹತ್ತಿರವೇ ಇದ್ದಾಳಲ್ಲ ಎಂದು ಇದನ್ನು ಶ್ರೀಲಕ್ಷ್ಮಿ ಅಕ್ಕನ ಕೈಲಿ ಓದಿಸಬೇಡಿ. ಕನ್ನಡಕ ಹಾಕಿಕೊಂಡು, ಹಿತ್ತಿಲ ಬಿಸಿಲಿನಲ್ಲಿ ಕೂತು ನೀವೇ ಓದಿ. ಅಕ್ಷರ ದೊಡ್ಡದಾಗಿಯೇ ಬರೆಯುತ್ತೇನೆ.

ನಿನ್ನೆ ಭಾವನಿಗೆ ಫೋನ್ ಮಾಡಿದ್ದೆ. ನೀವು ಕೇಳಿ ಇನ್ನೊಂದು ಸಲ ಅನ್ನ ಬಡಿಸಿಕೊಂಡಿರಂತೆ. ಫೋನ್ ಇಟ್ಟವಳೇ ನಮ್ಮ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಅದನ್ನು ಹೇಳಿಬಂದೆ. ಅದೇ ಫೋನಿನಲ್ಲಿ ಸಂಕ್ರಾಂತಿ ಕಳೆದ ವಾರ ಭಾವ, "ಆಯಿ ಏನೂ ತಿನ್ನುತ್ತಿಲ್ಲ, ನಿನಗೆ ಬರಲಿಕ್ಕೆ ಆಗುತ್ತದೆಯೇ?" ಎಂದು ಕೇಳಿದ್ದರು. ನಿಮ್ಮ ಮಗ, ನನ್ನ ಶಶಾಂಕ, ಬೈಕಿನಿಂದ ಬಿದ್ದ ಸುದ್ದಿಯನ್ನು ಹೇಳುವಾಗಲೂ ಅವರ ದನಿ ಹಾಗೇ ಇತ್ತು.

ಆ ದಿನಗಳು ನಿಮಗೆ ಮಬ್ಬುಮಬ್ಬಾಗಿ ನೆನಪಿರಬಹುದು. ಅದಕ್ಕೇ ಬರೆಯುತ್ತೇನೆ.

ಸಿದ್ದಾಪುರದ ಬಸ್ಸು ಇಳಿದು ಮನೆಗೆ ಬಂದಾಗ ನೀವು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ಬೆನ್ನ ಮೂಳೆ ಸೀರೆಯ ಮೇಲಿಂದಲೇ ಕಾಣುತ್ತಿತ್ತು. "ಎಂತಕ್ಕೆ ಬಂದೆ ಕೂಸೇ? ಸುಮ್ನೆ ರಜೆ ಹಾಳು," ಎಂದಿರಿ. ತಿರುಗಿ ನನ್ನ ಮುಖ ಮಾತ್ರ ನೋಡಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಎಲ್ಲ ಹೇಳಿದಳು. ನ್ಯುಮೋನಿಯಾ ಅಂತ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಆಮೇಲೆ ದೊಡ್ಡ ದೊಡ್ಡ ಗುಳಿಗೆ. ಕೆಮ್ಮು ಹೋಯಿತು, ಹೊಟ್ಟೆ ಕೆಟ್ಟಿತು. ಮೊಸರು ಕೊಟ್ಟರೆ ಮತ್ತೆ ಕಫ ಕಟ್ಟೀತು ಎಂಬ ಹೆದರಿಕೆಗೆ ಅಕ್ಕ ಬರೀ ಚಹಾ, ಬಿಸ್ಕೀಟು ಕೊಡುತ್ತಿದ್ದಳು. ನೀವೋ, ತಿಂದರೆ ಬಚ್ಚಲಿಗೆ ಓಡಬೇಕಲ್ಲ ಎಂದು ಅದನ್ನೂ ಬಿಟ್ಟಿದ್ದಿರಿ. ಅಕ್ಕನ ಮೇಲೆ ಬೇಸರ ಮಾಡಬೇಡಿ ಅತ್ತೆ. ಹೇಳುತ್ತ ಹೇಳುತ್ತ ಅವಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ನಿಮ್ಮ ಬಟ್ಟೆ ಒಗೆಯಲು ತೆಗೆದುಕೊಂಡಾಗ ನೀವು ಅದನ್ನು ನನ್ನ ಕೈಯಿಂದ ಎಳೆದುಕೊಳ್ಳಲು ನೋಡಿದಿರಿ. ಶಕ್ತಿ ಸಾಲಲಿಲ್ಲ. ಆಗ ಅತ್ತಿರಿ. "ಇದ್ನೆಲ್ಲ ನಿನ್ನ ಹತ್ರ ಮಾಡಿಸ್ಕಂಬ ಹಕ್ಕು ಯಂಗೆ ಎಲ್ಲಿದ್ದು? ಅವನೇ ಇಲ್ಲೆ," ಎಂದಿರಿ. ನಾನು ಬಟ್ಟೆ ಎತ್ತಿಕೊಂಡು ಬಾವಿಕಟ್ಟೆಗೆ ಹೋದೆ. ಹೇಳಲು ಬಾಯಿ ಬಂದಿದ್ದರೆ ಇಷ್ಟು ಹೇಳುತ್ತಿದ್ದೆ: ಇಷ್ಟು ವರ್ಷ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ, ಶಶಾಂಕನೇ ಇಲ್ಲದ ಮೇಲೆ ನಿಮ್ಮ ಮೇಲೆ ನನಗೆ ಯಾವ ಹಕ್ಕಿದೆ ಎಂದು.

ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಫೋನಿನಲ್ಲಿ ಎಲ್ಲ ತಿಳಿಸಿದೆ. ಅವರು ಮೊದಲು ಮಲಪರೀಕ್ಷೆ ಮಾಡಿಸು ಎಂದರು. ಬೇರೆ ರೋಗ ಇಲ್ಲವೆಂದು ಖಾತ್ರಿಯಾದ ಮೇಲೆ ಉಳಿದ ಮಾತು. ನಾನೇ ಲ್ಯಾಬಿಗೆ ಒಯ್ದುಕೊಟ್ಟೆ. ರಿಪೋರ್ಟಿನಲ್ಲಿ ಹೆದರುವಂಥದ್ದು ಇರಲಿಲ್ಲ. ಗುಳಿಗೆಯ ಸರದಿ ಹೇಗೂ ಮುಗಿದಿತ್ತು. ಅವರು ಹೇಳಿದ ಮಾತನ್ನು ನಿಮ್ಮ ತಲೆದಿಂಬಿನ ಹತ್ತಿರ ಕೂತು ಹೇಳಿದ್ದೆ, ನೆನಪಿದೆಯೋ ಇಲ್ಲವೋ. ನಮ್ಮ ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಿಗಳ ಒಂದು ದೊಡ್ಡ ಊರೇ ಇದೆಯಂತೆ. ಹೆಚ್ಚಿನವು ಒಳ್ಳೆಯವೇ. ತಿಂದದ್ದನ್ನು ಅರಗಿಸಲು ಕೈಜೋಡಿಸುತ್ತವೆ, ಕೆಟ್ಟವು ಬಂದು ತಳವೂರದ ಹಾಗೆ ನೋಡಿಕೊಳ್ಳುತ್ತವೆ. ಇಂಥ ಬಿಗಿ ಔಷಧ ಕೊಟ್ಟರೆ, ಕಳ್ಳನನ್ನು ಹಿಡಿಯಲು ಬಂದ ಪೋಲೀಸರು ಊರವರನ್ನೂ ಹೊಡೆದೋಡಿಸಿದ ಹಾಗೆ. ನ್ಯುಮೋನಿಯಾಕ್ಕೆ ಔಷಧ ಬೇಕೇ ಬೇಕಿತ್ತು, ಅದರಲ್ಲಿ ತಪ್ಪಿಲ್ಲ. ಆದರೆ ಈಗ ಊರು ಮತ್ತೆ ತುಂಬಬೇಕು. ಮೊಸರು, ಮಜ್ಜಿಗೆಯಲ್ಲಿ ಅಂಥ ಒಳ್ಳೆಯ ಜೀವಿಗಳಿರುತ್ತವೆ. ಅವು ಹೊಟ್ಟೆಗೆ ಹೋದರಷ್ಟೇ ಸಾಲದು, ಒಳಗಿರುವವಕ್ಕೂ ಊಟ ಬೇಕು. ನಮಗೆ ಅರಗದ ನಾರೇ ಅವುಗಳ ಊಟ: ಬಾಳೆದಿಂಡು, ಬಾಳೆಕಾಯಿ, ಬೇಳೆಕಾಳು, ಈರುಳ್ಳಿ, ಬೆಳ್ಳುಳ್ಳಿ.

ಅಲ್ಲಿಯವರೆಗೆ ಕಣ್ಣು ಮುಚ್ಚಿ ಮಲಗಿದ್ದವರು ಬೆಳ್ಳುಳ್ಳಿ ಎಂದ ಕೂಡಲೇ ಕಣ್ಣು ಬಿಟ್ಟಿರಿ! "ಸತ್ರೂ ಅಡ್ಡಿ ಇಲ್ಲೆ, ಬೆಳ್ಳುಳ್ಳಿ ಮಾತ್ರ ತಿಂಬದಿಲ್ಲೆ." ನಾನು ಬಂದ ಮೇಲೆ ಮೊದಲ ಸಲ ನಿಮ್ಮ ದನಿಯಲ್ಲಿ ಗಟ್ಟಿತನ ಕೇಳಿದ್ದು ಆಗ. ನಗು ತಡೆಯಲಾಗಲಿಲ್ಲ. ಅಕ್ಕನೂ ಬಾಗಿಲಲ್ಲಿ ನಿಂತು ನಕ್ಕಳು.

ಮೊದಲು ಉಪ್ಪು ಸಕ್ಕರೆ ನೀರು, ತೆಳ್ಳಗಿನ ಗಂಜಿ. ಆಮೇಲೆ ನೀರು ಮಜ್ಜಿಗೆ, ಚಮಚ ಚಮಚವಾಗಿ. ಮೊದಲ ದಿನ ಅರ್ಧ ಲೋಟ ಕುಡಿಯುವಷ್ಟರಲ್ಲಿ ಸಾಕೆಂದಿರಿ. ಎರಡು ದಿನ ಏನೂ ಗುಣ ಕಾಣಲಿಲ್ಲ, ನನಗೇ ಅಳುಕಾಯಿತು. ಆಮೇಲೆ ಒಂದು ಬೆಳಿಗ್ಗೆ ನೀವಾಗಿಯೇ ಎದ್ದು ಗೋಡೆ ಹಿಡಿದು ಹಿತ್ತಿಲಿಗೆ ಬಂದು ಬಿಸಿಲಲ್ಲಿ ಕೂತಿರಿ. ಆ ವಾರ ಬಾಳೆಕಾಯಿ ಬೇಯಿಸಿ ಮೆತ್ತಗೆ ಮಾಡಿಕೊಟ್ಟೆ. ಮೊಸರು ಬೆರೆಸಿ ಬಾಳೆದಿಂಡಿನ ಸಾಸಿವೆ ಮಾಡುವಾಗ ನೀವು ಮಣೆ ಹಾಕಿಸಿಕೊಂಡು ಹತ್ತಿರವೇ ಕೂತು, ನಾನು ನಾರು ತೆಗೆಯುವ ರೀತಿ ಸರಿಯಿಲ್ಲ ಎಂದು ಬೈದಿರಿ. ಎಲ್ಲ ನಾರನ್ನೂ ತೆಗೆದರೆ ಆ ಜೀವಿಗಳಿಗೆ ಏನು ಉಳಿಯುತ್ತದೆ ಅತ್ತೆ ಎಂದು ಕೇಳಿದೆ. "ನಿನ್ನ ಜೀವಿಗಳ ಹಲ್ಲಲ್ಲಿ ಸಿಕ್ಕಿ ಹಾಕಿಕೊಳ್ತು," ಎಂದಿರಿ. ಆ ಬೈಗುಳ ಎಷ್ಟು ಹಿತವಾಗಿತ್ತು ಎಂದು ನಿಮಗೆ ಹೇಗೆ ಹೇಳಲಿ! ನನ್ನನ್ನು ಬೈಯುವವರು ಇಲ್ಲಿ ಯಾರಿದ್ದಾರೆ? ಅಮ್ಮ ಹೋದ ಮೇಲೆ ತವರಿನಲ್ಲಿ ಅಣ್ಣ ಮಾತೇ ಆಡುವುದಿಲ್ಲ.

ಅವತ್ತು ಮಧ್ಯಾಹ್ನ ನೀವು ಉಂಡು, ಚಾಪೆಯ ಮೇಲೆ ಒರಗಿ, ಶಶಾಂಕ ಚಿಕ್ಕವನಿದ್ದಾಗ ಗಡಿಗೆಯ ಕೆನೆಮೊಸರಿಗೆ ಕೈ ಹಾಕಿ ಮೂಗಿನವರೆಗೂ ಮೆತ್ತಿಕೊಳ್ಳುತ್ತಿದ್ದುದನ್ನು ಹೇಳಿದಿರಿ. ಅವನು ಹೋದಮೇಲೆ ಇಷ್ಟು ದಿನ ನಾವಿಬ್ಬರೂ ಒಬ್ಬರ ಮುಂದೊಬ್ಬರು ಅವನ ಹೆಸರೆತ್ತಿದ್ದೇ ಕಡಿಮೆ. ನಕ್ಕೆವು. ಆಮೇಲೆ ನಿಮ್ಮ ಕೈ ನನ್ನ ತಲೆಯ ಮೇಲೆ ಇತ್ತು. ಆಗಲೇ ನಿಮಗೆ ಒಂದು ಮಾತು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಫೋನ್ ಬಂತು.

ಅನಂತಮೂರ್ತಿ ಮಾಸ್ತರರದ್ದು. ಚಂದಗುಳಿಯ ಕಡೆ ಶಾಲೆಯಲ್ಲಿ ಕಲಿಸುತ್ತಾರೆ. ನಿಮ್ಮ ಹೊಟ್ಟೆ ಹೇಗಿದೆ ಎಂದು ಕೇಳಲು ಮಾಡಿದ್ದು. "ಅವ ಯಾರು?" ಎಂದಿರಿ. ತಾಯಿಗೆ ಔಷಧ ಒಯ್ಯಲು ನಮ್ಮ ಕ್ಲಿನಿಕ್ಕಿಗೆ ಬರುತ್ತಿದ್ದವರು, ಆ ತಾಯಿ ಹೋದ ವರ್ಷ ತೀರಿಹೋದರು ಎಂದೆ. ಅದು ನಿಜವೇ. ನೀವು ಮತ್ತೇನೂ ಕೇಳಲಿಲ್ಲ, ನಾನೂ ಮುಂದೆ ಹೇಳಲಿಲ್ಲ.

ಹೊರಡುವ ದಿನ ನೀವು ಗೇಟಿನವರೆಗೆ ಬಂದು, "ಒಬ್ಬಳೇ ಕೂತು ಉಂಡ್ರೆ ಅನ್ನ ಸೇರ್ತಿಲ್ಲೆ ಕೂಸೇ," ಎಂದಿರಿ. ನಿಮ್ಮ ವಿಷಯ ಹೇಳಿದಿರೋ ನನ್ನ ವಿಷಯವೋ ತಿಳಿಯಲಿಲ್ಲ. ಶಿರಸಿ ದಾಟುವವರೆಗೂ ಅದನ್ನೇ ಯೋಚಿಸಿದೆ. ಹಿಂದೊಮ್ಮೆ ನೆರೆಮನೆಯ ಮಗಳು ಎರಡನೇ ಮದುವೆಯಾದಾಗ ನೀವು, ಇನ್ನು ಅವಳಿಗೆ ಮೊದಲಿನ ಮನೆಯ ಋಣ ಹರಿಯಿತು ಎಂದದ್ದು ನೆನಪಾಯಿತು. ನೀವು ಕೆಟ್ಟದ್ದಕ್ಕೆ ಹೇಳಿರಲಿಲ್ಲ, ಗೊತ್ತು. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿದೆ.

ಇಲ್ಲಿ ಬೆಳಿಗ್ಗೆ ಎದ್ದರೆ ಎಲ್ಲ ಸರಿಯೇ ಇದೆ. ಕೆಲಸವಿದೆ. ಹುಬ್ಬಳ್ಳಿಗೆ ಕಳಿಸಿ ಲ್ಯಾಬ್ ಕೋರ್ಸು ಓದಿಸಿದವರು ನೀವೇ, ಇವತ್ತು ಉಣ್ಣುವ ಅನ್ನ ನಿಮ್ಮದೇ. ಆದರೂ ಸಂಜೆ ಕ್ಲಿನಿಕ್ಕಿನ ಬಾಗಿಲು ಹಾಕುವಾಗ ನಿಮ್ಮ ಅಡುಗೆಮನೆಯ ಒಗ್ಗರಣೆಯ ವಾಸನೆ ಎಲ್ಲಿಂದಲೋ ಬಂದ ಹಾಗಾಗುತ್ತದೆ. ನೀವು ಬೈಯುತ್ತ ಬಡಿಸಬೇಕು, ನಾನು ಸಾಕು ಸಾಕು ಎನ್ನಬೇಕು. ಜೀವ ಅಷ್ಟನ್ನೇ ಬಯಸುತ್ತದೆ.

ಮಜ್ಜಿಗೆ ಬಿಡಬೇಡಿ. ಬಾಳೆದಿಂಡು ಒಮ್ಮೆಲೇ ಹೆಚ್ಚು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಸ್ವಲ್ಪ ಸ್ವಲ್ಪವೇ ಸಾಕು. ಮತ್ತೆ ಹೊಟ್ಟೆ ಕೆಟ್ಟರೆ ನಾಚಿಕೊಂಡು ಮುಚ್ಚಿಡಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ.

ಕೆಳಗೆ ನಿಮ್ಮ ಸೊಸೆ ಎಂದು ಬರೆಯಬೇಕು. ಬರೆಯಲೋ ಬೇಡವೋ ಎಂದು ಪೆನ್ನು ಹಿಡಿದು ಬಹಳ ಹೊತ್ತಾಯಿತು.

ನಿಮ್ಮ
ವಿನೋದಾ

ತಾಜಾಕಲಮು: ಅನಂತಮೂರ್ತಿಯವರೂ ನಾನೂ ಮದುವೆಯಾಗಬೇಕೆಂದಿದ್ದೇವೆ ಅತ್ತೆ. ಇಲ್ಲಿಯ ರಿಜಿಸ್ಟ್ರಾರ್ ಆಫೀಸಿನಲ್ಲಿ, ಯುಗಾದಿ ಕಳೆದ ಮೇಲೆ. ನೀವು ಬೇಡವೆಂದರೆ ನಾನು ವಾದ ಮಾಡುವುದಿಲ್ಲ, ಅಳುತ್ತೇನೆ ಅಷ್ಟೆ. ಒಪ್ಪಿದರೆ ಒಂದು ಕೆಲಸವಿದೆ. ಹುಡುಗಿಯ ಕಡೆಯಿಂದ ಸಾಕ್ಷಿಗೆ ಸಹಿ ಹಾಕಲು ನಮ್ಮವರು ಒಬ್ಬರು ಬೇಕಂತೆ. ಯಾರಿದ್ದಾರೆ ಎಂದು ಗುಮಾಸ್ತರು ಕೇಳಿದಾಗ ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಹೆಸರು ಹೇಳಿಬಂದಿದ್ದೇನೆ. ಸಂಬಂಧ ಏನು ಎಂದರು. ತಾಯಿ ಎಂದೆ.