ಬರಿಗೈಯ ಅಕ್ಕ

ಕಿಟಕಿ ಪಕ್ಕದ ಮಂಚದಿಂದ,
ಭಾನುವಾರ, ಮಾರ್ಚ್ ೯

ನನ್ನ ಪ್ರೀತಿಯ ಮೊಂಡ ತಮ್ಮನಿಗೆ,

ಹೇಗಿದ್ದೀಯಪ್ಪಾ? ಹಡಗಿಗೆ ಬಣ್ಣ ಬಳಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ದೇವರೇ ಕಾಯುತ್ತಾನೆ ಎಂದು ಹಾಗೆಯೇ ಏಣಿ ಹತ್ತುತ್ತೀಯೋ? ನಿನ್ನ ಕೋಣೆಯ ಗೊರಕೆರಾಯರ ಮಂಡಿನೋವು ಇಳಿಯಿತೇ? ಅಡುಗೆಯ ತಾತನಿಗೆ ಕಣ್ಣಿನ ಆಪರೇಷನ್ ಆಯಿತೇ? ಇಲ್ಲಿ ನಿನ್ನ ಹೆಂಡತಿ ಗುಂಡುಕಲ್ಲಿನ ಹಾಗಿದ್ದಾಳೆ. ಹಾಸಿಗೆ ಹಿಡಿದವಳು ನಾನು. ಗಾಬರಿಯಾಗಬೇಡ, ಮೂಳೆ ಕೂಡುತ್ತಿದೆ. ಕಾಯಿಲೆ ಬಿದ್ದ ಅಂಚೆಯಣ್ಣನಿಗೆ ಊಟದ ಡಬ್ಬಿ ಒಯ್ಯುವಾಗ ಅವನ ಮನೆ ಮೆಟ್ಟಿಲಲ್ಲೇ ಜಾರಿ ಸೊಂಟ ಮುರಿದುಕೊಂಡೆ. ಪುಣ್ಯ ಮಾಡಲು ಹೋಗಿ ಬಿದ್ದಳು ಎಂದು ನಗು ಬಂದರೆ ನಕ್ಕುಬಿಡು, ನನಗೂ ಬಂತು. ನಿನಗೆ ತಿಳಿಸಬಾರದೆಂದು ನಿನ್ನ ಹೆಂಡತಿಯ ಬಾಯಿ ಕಟ್ಟಿಹಾಕಿದವಳು ನಾನೇ, ಅವಳನ್ನು ಬೈಯಬೇಡ.

ಹೋದ ವರ್ಷ ಚರ್ಚಿನಿಂದ ಬಂದು ನನ್ನ ಊಟದ ಮೇಜಿಗೆ ಕೂತವನು, ಮನುಷ್ಯನಿಗೆ ರಕ್ಷಣೆ ನಂಬಿಕೆಯಿಂದಲೇ, ಒಳ್ಳೆಯ ಕೆಲಸದಿಂದಲ್ಲ ಎಂದು ವಾದಕ್ಕಿಳಿದೆಯಲ್ಲ. "ನಿನ್ನ ಒಳ್ಳೆತನದ ಗಂಟು ಹೊತ್ಕೊಂಡು ಸ್ವರ್ಗದ ಬಾಗಿಲಲ್ಲಿ ನುಗ್ಗೋಕಾಗಲ್ಲ ಅಕ್ಕ" ಅಂದೆ. ಹೊಲಿದು ಹೊಲಿದು ಚುಚ್ಚುವುದೇ ಅಭ್ಯಾಸವಾದ ನಾನು, "ಸೋಮಾರಿಗೆ ನಂಬಿಕೆ ಒಳ್ಳೆ ತಲೆದಿಂಬು ಕಣೋ" ಅಂದೆ. ನೀನು ತಟ್ಟೆ ಬಿಟ್ಟು ಎದ್ದುಹೋದೆ. ಆಮೇಲೆ ಎರಡು ಸಲ ರಜೆಗೆ ಬಂದರೂ, ಎರಡು ಬೀದಿ ಆಚೆಯಿದ್ದ ಈ ಮನೆಗೆ ನೀನು ಬರಲಿಲ್ಲ.

ಈಗ ಕೇಳು. ಮಲಗಿದಲ್ಲಿಂದ ಯಾರಿಗೂ ಒಂದು ಗುಂಡಿ ಹಾಕಿಕೊಡಲಾರೆ. ಮೊದಮೊದಲು ಹೆದರಿದೆ, ಬರಿಗೈಯಲ್ಲಿ ದೇವರ ಮುಂದೆ ಹೇಗೆ ನಿಲ್ಲಲಿ ಅಂತ. ಆಮೇಲೆ ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಆ ಕಳ್ಳ ನೆನಪಾದ. ಅವನ ಕೈಗೆ ಮೊಳೆ ಬಿದ್ದಿತ್ತು. ಒಳ್ಳೆಯ ಕೆಲಸ ಮಾಡುತ್ತೇನೆಂದರೂ ಆಗುತ್ತಿತ್ತೇ? ನನ್ನನ್ನೂ ನೆನೆಸಿಕೊಳ್ಳಿ ಎಂದು ಬಾಯಿಬಿಟ್ಟು ಕೇಳಿದ, ಯೇಸು ಸ್ವರ್ಗವನ್ನೇ ಕೊಟ್ಟರು. ಇಷ್ಟು ವರ್ಷ ಬೈಬಲ್ ಓದಿದರೂ ಆ ಕೈಗಳ ಮೇಲೆ ನನ್ನ ಕಣ್ಣು ಬಿದ್ದಿರಲಿಲ್ಲ.

ಗೆದ್ದೆನೆಂದು ಮೀಸೆ ತಿರುವಬೇಡ, ಇನ್ನೂ ಇದೆ. ನಿನ್ನ ಹೆಂಡತಿಯೂ ನಿನ್ನ ಪಕ್ಷದವಳೇ ತಾನೆ? ಆದರೂ ದಿನಾ ಬೆಳಿಗ್ಗೆ ಬಂದು ನನ್ನ ಮೈ ಒರೆಸಿ, ಬೆಡ್‌ಪ್ಯಾನ್ ತೊಳೆದು, ತಲೆ ಬಾಚುತ್ತಾಳೆ. "ಕೆಲಸದಿಂದ ಸ್ವರ್ಗ ಇಲ್ಲ ಅನ್ನೋಳು ಇದನ್ನೆಲ್ಲ ಯಾಕೆ ಮಾಡ್ತೀಯೇ?" ಎಂದು ಕೆಣಕಿದೆ. ಬಾಚಣಿಗೆ ನಿಲ್ಲಿಸದೆಯೇ, "ಸ್ವರ್ಗಕ್ಕಲ್ಲ ಅಕ್ಕ, ಸಿಕ್ಕು ಬಿಡಿಸೋಕೆ" ಅಂದಳು. ದೇವರು ತನ್ನನ್ನು ಆಗಲೇ ಒಳಗೆ ಕರೆದುಕೊಂಡಾಗಿದೆ ಎಂಬ ನೆಮ್ಮದಿ ಅವಳಿಗೆ. ಅದಕ್ಕೇ ಆ ಕೈ ಅಷ್ಟು ಹಗುರ. ಆದ್ದರಿಂದ ನಂಬಿಕೆ ಮೊದಲು ಎಂಬುದನ್ನು ನಿನಗೆ ಬಿಟ್ಟುಕೊಟ್ಟೆ. ಕೈಕಾಲಿಲ್ಲದ ನಂಬಿಕೆಯನ್ನು ಮಾತ್ರ ನನ್ನ ಮನೆಗೆ ತರಬೇಡ. ಉಳಿದ ಜಗಳ ಎದುರೆದುರು ಕೂತು ಆಡೋಣ.

ನಿನಗೂ ಕೋಣೆಯವರಿಗೂ ಒಳ್ಳೆಯದಾಗಲಿ. ಮುನಿಸಿದ್ದಾಗಲೂ ಪ್ರಾರ್ಥನೆಯಲ್ಲಿ ನಿನ್ನ ಹೆಸರು ಬಿಟ್ಟವಳಲ್ಲ ನಾನು.

ನಿನ್ನ ದರ್ಜಿ ಅಕ್ಕ

ತಾ.ಕ.: ಬರುವ ತಿಂಗಳಿಂದ ಯಾರದಾದರೂ ಹೆಗಲು ಹಿಡಿದು ನಡೆಯಲು ಕಲಿಯಬೇಕಂತೆ, ಡಾಕ್ಟರು ಹೇಳಿದ್ದಾರೆ. ನಿನ್ನ ಹೆಂಡತಿ ಕುಳ್ಳಿ, ಅವಳನ್ನು ಹಿಡಿದರೆ ನಾನು ಬಗ್ಗಿಕೊಂಡೇ ನಡೆಯಬೇಕಾಗುತ್ತದೆ. ನನ್ನ ಎತ್ತರಕ್ಕೆ ನಿನ್ನ ಹೆಗಲೇ ಸರಿ. ರಜೆ ಯಾವಾಗ ಸಿಗುತ್ತದೆಂದು ಬೇಗ ಬರೆ.