ಸೀಟಿಗೆ ಕೂತ ಖಾರಿ

ಮಹಿಬೂಬ,

ಸಂಭಾಜಿನಗರದಾಗ ಸಂಸಾರ ಹೂಡಿದ ನಿನಗ ಈ ಪತ್ರ ಕಳಸೂದಿಲ್ಲ. ಆದರ ಹೇಳದ ಇರಾಕ ಆಗವಲ್ದು. ನಮ್ಮ ನಾಯಿ ಖಾರಿ ಇವತ್ತು ನಾಸಿಕದ ಮೈದಾನದಾಗ ಓಡಿದಳು. ಅಡ್ಡಗಂಬ ಹಾರಿ, ಬಟ್ಟೆಯ ಸುರಂಗ ನುಸುಳಿ ಓಡೋ ನಾಯಿಗಳ ಆಟಕ್ಕ ಅಜಿಲಿಟಿ ಅಂತಾರ. ಒಂದು ಸುತ್ತು ಮುಗಿಸಿದರ ಮಾತ್ರ ತರಬೇತಿಗೆ ಸೇರಿಸ್ಕೊಳ್ತೀವಿ ಅಂದಿದ್ದರು.

"ಯಾವ ಜಾತಿ ಇದು?" ತನ್ನ ನಾಯಿಯ ಕೂದಲು ಬಾಚ್ತಾ ಒಬ್ಬಾಕಿ ಕೇಳಿದಳು.

"ತಾಯಿ ಲ್ಯಾಬ್ರಡಾರ್, ತಂದೆ ನಿಫಾಡದ ಬೀದಿನಾಯಿ. ಓಡೋ ಜಾತಿ ರೀ. ನೀವು ಬಾಚ್ಕೊಂತ ಕೂಡ್ರಿ," ಅಂದೆ.

ತರಬೇತುದಾರ ಸೀಟಿ ಊದಿದ. ಖಾರಿ ನೆಲಕ್ಕ ಅಂಟಿ ಕೂತುಬಿಟ್ಟಳು. ಎಲ್ಲರೂ ನಕ್ಕರು. ಕಾರಣ ನನಗೊಬ್ಬಾಕಿಗೇ ಗೊತ್ತಿತ್ತು. ದ್ರಾಕ್ಷಿ ತೋಟದ ಕೂಲಿಗಳ ಧರಣಿಯೊಳಗ, ಪೊಲೀಸರ ಸೀಟಿ ಕೇಳಿದರ ಕೂತುಬಿಡ್ರಿ, ಯಾರೂ ಏಳಬ್ಯಾಡ್ರಿ ಅಂತ ಕಲಿಸಿದವ ನೀನು. ನಿನ್ನ ಕಾಲ ಹತ್ರ ಇದ್ದ ಮರಿಯೂ ಕಲಿತಿತ್ತು.

ನಾನು ಮುಷ್ಟಿ ಎತ್ತಿ, ಕೂತವರನ್ನ ಎಬ್ಬಿಸೋ ನಿನ್ನ ಧಾಟಿಯೊಳಗೇ ಕೂಗಿದೆ: "ನಡೀರಿ ಮುಂದ!"

ಎದ್ದಳು ನೋಡು. ಕಂಬ, ಸುರಂಗ, ಏಣಿ, ಒಂದನ್ನೂ ಬಿಡಲಿಲ್ಲ. ನಕ್ಕವರೇ ಚಪ್ಪಾಳೆ ಹೊಡೆದರು. "ರವಿವಾರದಿಂದ ಕರಕೊಂಡು ಬಾ ತಾಯಿ," ಅಂದ ತರಬೇತುದಾರ.

ಗೆರೆ ದಾಟಿದ ಮ್ಯಾಲೂ ಆಕಿ ನಿಲ್ಲಲಿಲ್ಲ. ಆ ಕೂಗು ಕೇಳಿ ನೀನೇ ಬಂದಿದ್ದಿ ಅಂದುಕೊಂಡಳೋ ಏನೋ, ನಿಂತವರ ಕಾಲು ಒಬ್ಬೊಬ್ಬರದೇ ಮೂಸಿದಳು. ಅಷ್ಟರಾಗ ಮುಂದಿನ ನಾಯಿಗೆ ಸೀಟಿ ಊದಿದರು. ಖಾರಿ ಗೇಟಿನ ಕಡೆ ಮುಖ ಮಾಡಿ ಅಲ್ಲೇ ಕೂತಳು. ಈ ಸಲ ನಾನು ಕೂಗಲಿಲ್ಲ. ಪಕ್ಕದಾಗ ಕೂತೆ.