ಚೌಕಟ್ಟಿನ ಹೊರಗಿನ ಬುಟ್ಟಿ

೧-೪-೧೯೭೯, ಭಾನುವಾರ

ಮತ್ತೆ ಆರೂಮುಕ್ಕಾಲರ ಬಸ್ಸು. ಮತ್ತೆ ಕಾಪು. ಕ್ಯಾಮರಾ ಎಂದಿನಂತೆ ಮೈ ಒರೆಸುವ ಬೈರಾಸಿನೊಳಗೆ ಸುತ್ತಿ, ತೋಳಿನ ಕೆಳಗೆ. ವಾರವಿಡೀ ಮಣಿಪಾಲದ ಲೈಬ್ರರಿಯಲ್ಲಿ ಕಾರ್ಡು ಜೋಡಿಸುವವನಿಗೆ ಜೀವ ಬರುವುದು ಭಾನುವಾರ ಮಾತ್ರ. ಕಳೆದ ವಾರ ಕಾರ್ಕಳದಲ್ಲಿ ಇಡೀ ರೋಲು ವೇಸ್ಟ್ — ಎಲ್ಲರೂ ಕ್ಯಾಮರಾ ನೋಡಿ ಹಲ್ಲು ಕಿರಿದದ್ದೇ. ನನ್ನ ನಿಯಮ ಒಂದೇ: ಕೇಳಬಾರದು. ಕೇಳಿದರೆ ಮನುಷ್ಯ ಮಾಯ, ಪೋಸು ಮಾತ್ರ ಉಳಿಯುತ್ತದೆ.

ಇವತ್ತು ಸಿಕ್ಕಿತು! ಮಲ್ಲಿಗೆ ಹೆಂಗಸು. ಇನ್ನಂಜೆಯವಳು, ಪೇಟೆಯ ದೇವಸ್ಥಾನಕ್ಕೆ ದಿನಾ ಹೂ ಕೊಡುತ್ತಾಳೆ. ಅಷ್ಟು ಮಾತ್ರ ಗೊತ್ತು, ಅದೂ ಚಾದಂಗಡಿಯ ಬೂಬಣ್ಣ ಹೇಳಿದ್ದು. ಮಾರ್ಚ್‌ನಲ್ಲೂ ಎರಡು ಭಾನುವಾರ ಇವಳಿಗಾಗಿ ಕಾದಿದ್ದೆ. ಹೂ ಕೊಟ್ಟು ಬಂದು ಬಸ್ಸಿಗೆ ನಿಂತಿದ್ದಳು. ಕಾಲ ಬಳಿ ಬುಟ್ಟಿ, ಖಾಲಿ. ಕೈಯಲ್ಲಿ ಕಟ್ಟಿದ ಹೂವಿನ ಒಂದೇ ಒಂದು ಚೆಂಡು ಉಳಿದಿತ್ತು. ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು... ಕ್ಲಿಕ್. ಅವಳಿಗೆ ಗೊತ್ತೇ ಆಗಲಿಲ್ಲ.

೫-೪-೭೯

ಆಫೀಸು ಬಿಟ್ಟು ನೇರ ಉಡುಪಿಗೆ, ಲಿಯೋನೆಲ್‌ನ ಸ್ಟುಡಿಯೋಕ್ಕೆ. ಡಾರ್ಕ್ ರೂಮಿನ ಟ್ರೇಯಲ್ಲಿ ಅವಳ ಮುಖ ಮೆಲ್ಲ ಮೂಡಿತು. ಇಂಥದ್ದು ನನ್ನಿಂದ ಹಿಂದೆ ಆಗಿಲ್ಲ.

ಬುಟ್ಟಿಯದೇ ಒಂದು ತಕರಾರು. ಕೆಳಗೆ ಬಾಯಿ ತೆರೆದು ಕೂತು ಕಣ್ಣನ್ನೆಲ್ಲ ಅದೇ ಎಳೆಯುತ್ತದೆ. ಕ್ರಾಪ್ ಮಾಡಿದೆ. ಈಗ ಮುಖ, ಕೈ, ಹೂ ಅಷ್ಟೇ. ವಾರಪತ್ರಿಕೆಯ ಸ್ಪರ್ಧೆಗೆ ಕಳಿಸುತ್ತೇನೆ. ಶೀರ್ಷಿಕೆಯೂ ಹೊಳೆಯಿತು — ‘ದೇವರಿಗಿಂತ ಮೊದಲು’.

ಲಿಯೋನೆಲ್ ಕೇಳಿದ, “ದೇವರಿಗೆ ಕೊಟ್ಟು ಆಗಿತ್ತಲ್ಲ ಮಾರಾಯ?”

“ಫೋಟೋ ನೋಡಿದವರಿಗೆ ಅದೆಲ್ಲ ಎಲ್ಲಿ ಗೊತ್ತಾಗ್ತದೆ?” ಎಂದು ನಕ್ಕೆ.

೧೭-೬-೭೯, ಭಾನುವಾರ

ಎರಡನೇ ಬಹುಮಾನ!! ಇಡೀ ಪುಟ. ನನ್ನ ಹೆಸರು, ಕೆಳಗೆ ದಪ್ಪ ಅಕ್ಷರದಲ್ಲಿ ನನ್ನ ಶೀರ್ಷಿಕೆ. ಮೂರು ಪ್ರತಿ ಕೊಂಡೆ. ಜೋರು ಮಳೆ, ಎಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತವನು ಎದ್ದು ಬಂದು ಇನ್ನೊಮ್ಮೆ ನೋಡಿದೆ.

೨೪-೬-೭೯

ಕಾಪು. ಮಲ್ಲಿಗೆ ಹೆಂಗಸು ಇಲ್ಲ. ಬೂಬಣ್ಣನನ್ನು ಕೇಳಿದೆ.

“ನಳಿನಾಕ್ಷಿಯಾ? ಅವಳು ಈಗ ಬರುವುದಿಲ್ಲ. ಯಾವನೋ ಅವಳ ಫೋಟೋ ಪೇಪರಿಗೆ ಹಾಕಿದ್ದಾನಂತೆ. ಪೂಜೆಯ ಹೂ ಮೂಸುವುದು! ಮೂಸಿದ ಹೂ ದೇವರಿಗೆ ಆಗ್ತದಾ? ಹದಿನೈದು ವರ್ಷ ನಮಗೆ ಇದನ್ನೇ ಕೊಟ್ಟಳೋ ಎಂತ ಕತೆಯೋ ಅಂತ ಊರವರ ಗಲಾಟೆ. ದೇವಸ್ಥಾನದವರು ಇನ್ನು ಅವಳ ಹೂ ಬೇಡ ಅಂದರು.”

“ಅವಳು ಏನೂ ಹೇಳಲಿಲ್ಲವಾ?”

“ಹೇಳಿದಳು. ಅದು ಕೊಟ್ಟು ಉಳಿದದ್ದು ಅಂತ ಅತ್ತುಕೊಂಡು ಹೇಳಿದಳು. ಯಾರು ನಂಬುತ್ತಾರೆ, ಫೋಟೋ ಉಂಟಲ್ಲ?”

ಬೈರಾಸು ಬಿಚ್ಚಲೇ ಇಲ್ಲ. ಮುಂದಿನ ಬಸ್ಸಿಗೆ ವಾಪಸ್.

೨೫-೬-೭೯

ಹಳೆಯ ನೆಗೆಟಿವ್‌ಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದೆ. ಮಾರ್ಚ್‌ನ ರೋಲಿನಲ್ಲಿ ಅವಳ ನಾಲ್ಕು ಫ್ರೇಮು ಉಂಟು. ಬಸ್ಸಿಳಿದು, ಸಡಿಲಾದ ಚೆಂಡನ್ನು ಬಾಳೆನಾರಿನಿಂದ ಬಿಗಿಯುತ್ತಿದ್ದಾಳೆ. ನಾಲ್ಕರಲ್ಲೂ ಮುಖ ಪೂರ್ತಿ ಅತ್ತ ಕಡೆ. ಮುಖ ಕಾಣುವುದಿಲ್ಲವೆಂದು ನಾನೇ ಕಾಟು ಹಾಕಿದ್ದೆ. ಉಸಿರು ತಾಗಬಾರದೆಂದು ತಿರುಗಿಸಿಕೊಂಡದ್ದು ಅದು. ನನ್ನ ಅಜ್ಜಿಯೂ ಹಾಗೇ ಕಟ್ಟುತ್ತಿದ್ದಳು. ಜನರನ್ನು ಗಮನಿಸುವವನಂತೆ ನಾನು!

ಲಿಯೋನೆಲ್ ಬುಟ್ಟಿ ಸಮೇತ ಪೂರ್ತಿ ಪ್ರಿಂಟ್ ಹಾಕಿಕೊಟ್ಟ. “ನಾಳೆಯೇ ತೆಗೊಂಡು ಹೋಗಿ ದೇವಸ್ಥಾನದಲ್ಲಿ ತೋರಿಸು.”

ಹೋಗಬೇಕು. ಆದರೆ ಆಗಸ್ಟಿನಲ್ಲಿ ಮಣಿಪಾಲದಲ್ಲಿ ಕ್ಯಾಮರಾ ಕ್ಲಬ್ಬಿನ ಎಕ್ಸಿಬಿಷನ್. ನಡುಗೋಡೆಯಲ್ಲಿ ನನ್ನದೇ. ಶೀರ್ಷಿಕೆ ಸುಳ್ಳು ಎಂದು ಈಗ ಸುದ್ದಿಯಾದರೆ... ಅದೊಂದು ಮುಗಿಯಲಿ.

೧೨-೮-೭೯

ನಿನ್ನೆ ಮುಗಿಯಿತು. ‘ಎಷ್ಟು ಸಹಜ’ ಎಂದರು ಎಲ್ಲರೂ. ಒಬ್ಬ ಪ್ರೊಫೆಸರು ಕೈ ಕುಲುಕಿದರು. ಖುಷಿಯಾಗಲಿಲ್ಲ ಎಂದು ಬರೆದರೆ ಅದೂ ಸುಳ್ಳೇ.

ಇವತ್ತು ಪೂರ್ತಿ ಪ್ರಿಂಟ್ ಹಿಡಿದು ದೇವಸ್ಥಾನಕ್ಕೆ ಹೋದೆ. ಅರ್ಚಕರು ಅನಂತಪದ್ಮನಾಭ ಭಟ್ಟರು, ವಯಸ್ಸಾದವರು. ಕನ್ನಡಕ ಹಾಕಿ ಬುಟ್ಟಿಯನ್ನೇ ನೋಡಿದರು.

“ಅವಳು ಇದನ್ನೇ ಹೇಳಿದ್ದಳು. ನಾನಾದರೂ ನಂಬಬೇಕಿತ್ತು. ಅವಳನ್ನು ಕರಕೊಂಡು ಬನ್ನಿ, ಊರವರ ಎದುರು ಈ ಫೋಟೋ ಇಡುವ.”

ಎದೆಯ ಭಾರ ಇಳಿಯಿತು. ಬೂಬಣ್ಣನಲ್ಲಿ ಎರಡು ಚಾ ಕುಡಿದೆ.

೧೫-೮-೭೯

ರಜೆ. ಇನ್ನಂಜೆಗೆ ಹೋದೆ. ಗದ್ದೆ ದಾಟಿ ಸಣ್ಣ ಮನೆ. ಅಂಗಳದ ತುಂಬ ಮಲ್ಲಿಗೆ ಗಿಡ. ಮೊಗ್ಗು ಕೊಯ್ದವರಿಲ್ಲ, ಎಲ್ಲ ಗಿಡದಲ್ಲೇ ಅರಳಿ ಮಳೆಗೆ ಕಂದು ಹಿಡಿದಿತ್ತು. ಪೇಟೆಯಲ್ಲಿ ಕೊಳ್ಳುವವರೂ ಅವಳ ಹೂವನ್ನು ಮುಟ್ಟುವುದಿಲ್ಲವಂತೆ.

ಫೋಟೋ ತೆಗೆದವ ನಾನೇ ಎಂದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರಿಂಟನ್ನು ಕೈ ಒರೆಸಿಕೊಂಡು ತೆಗೆದುಕೊಂಡಳು.

“ಇದು ನಿಮ್ಮಲ್ಲಿ ಮೊದಲೇ ಇತ್ತಾ?”

“ಇತ್ತು.”

“ಬುಟ್ಟಿ ಖಾಲಿ ಅಂತ ಗೊತ್ತಿತ್ತಾ?”

“ಇಲ್ಲಕ್ಕ... ಗಮನಿಸಿರಲಿಲ್ಲ” ಎಂದೆ.

ತುಂಬ ಹೊತ್ತು ನನ್ನನ್ನೇ ನೋಡಿದಳು. ಪೋಸಿಲ್ಲದ ಮುಖ. ನನಗೇ ಕಣ್ಣು ತೆಗೆಯಬೇಕಾಯಿತು.

ಭಟ್ಟರು ಕರೆದದ್ದು ಹೇಳಿದೆ. ತಲೆ ಆಡಿಸಿದಳು. “ನಾನು ಬರುವುದಿಲ್ಲ. ನನ್ನ ಮಾತು ಆಗದವರಿಗೆ ಈ ಕಾಗದ ಆಗ್ತದಾ? ಹದಿನೈದು ವರ್ಷ ಮುಖ ತಿರುಗಿಸಿಯೇ ಕಟ್ಟಿದ್ದೇನೆ. ಆ ದಿನ ಒಂದು ಚೆಂಡು ಉಳಿಯಿತು. ದಿನಾ ಕಟ್ಟುವ ಹೂವಿನ ಪರಿಮಳ ಹೇಗುಂಟು, ಒಮ್ಮೆ ನೋಡುವ ಅಂತ ಆಸೆ ಆಯಿತು. ಅಷ್ಟೇ.”

ಗೇಟಿನವರೆಗೆ ಬಂದಾಗ ಹಿಂದಿನಿಂದ ಹೇಳಿದಳು, “ಆವತ್ತು ನನ್ನನ್ನು ಒಂದು ಮಾತು ಕೇಳಿದ್ದರೆ ನಾನೇ ಹೇಳುತ್ತಿದ್ದೆನಲ್ಲ.”

೧೯-೮-೭೯, ಭಾನುವಾರ

ಬಸ್ಸು ಹತ್ತಲಿಲ್ಲ. ಕ್ಯಾಮರಾ ಕಪಾಟಿನಲ್ಲಿ. ಬೆಳಿಗ್ಗೆಯಿಂದ ಪತ್ರಿಕೆಗೆ ಕಾಗದ ಬರೆದು ಹರಿಯುವುದೇ ಕೆಲಸ. ಇಲ್ಲಿ ಮೊದಲು ಸರಿಯಾಗಿ ಬರೆದುಕೊಳ್ಳುತ್ತೇನೆ.

ಮಾನ್ಯ ಸಂಪಾದಕರೇ, ಜೂನ್ ೧೭ರ ಸಂಚಿಕೆಯ ಬಹುಮಾನಿತ ಫೋಟೋದ ಶೀರ್ಷಿಕೆ ಸುಳ್ಳು. ಅದನ್ನು ಇಟ್ಟವನು ನಾನು. ಆ ಹೆಂಗಸು ದೇವರ ಹೂವನ್ನು ಮೂಸಲಿಲ್ಲ. ಕೊಟ್ಟು ಬಂದಿದ್ದಳು, ಬುಟ್ಟಿ ಖಾಲಿಯಾಗಿತ್ತು. ಫೋಟೋ ತೆಗೆದಾಗಲೂ, ಬುಟ್ಟಿಯನ್ನು ಕತ್ತರಿಸಿದಾಗಲೂ, ಮೊನ್ನೆ ಅವಳೇ ಎದುರು ನಿಂತು ಕೇಳಿದಾಗಲೂ ಅದು ನನಗೆ...